ರೈಲು ಹಿಡಿಯುವವರ ಸೈಕಲಿಗೊಂದು ಜಾಗ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಂಜೇಶ್ವರದವರೆಗಿನ ಕರಾವಳಿಯ ಊರುಗಳಿಂದ ದಿನವೂ ಬೆಳಿಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋಗಿ, ಸಂಜೆಯೋ ರಾತ್ರಿಯೋ ಮರಳುವ ಸೀಸನ್ ಟಿಕೆಟಿನ ಪ್ರಯಾಣಿಕರಲ್ಲಿ ನಾನೂ ಒಬ್ಬ. ಮಂಗಳೂರಿನ ಒಂದು ತಾಂತ್ರಿಕ ಶಿಕ್ಷಣ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಬೋಧಕನಾಗಿದ್ದೇನೆ. ಊರಿನಲ್ಲಿ ವಾಚನಾಲಯದ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಸಣ್ಣ ನಿಲ್ದಾಣಕ್ಕೆ ಸೈಕಲಿನಲ್ಲಿ ಬರುವವರು ಅದನ್ನು ನಂಬಿಕೆಯಿಂದ ಬೀಗ ಹಾಕಿ ಇಟ್ಟುಹೋಗುವಂತಹ ಜಾಗವನ್ನು ನಾವು ಕೆಲವರು ಸೇರಿ ಮಾಡಿದ ಬಗೆಯನ್ನೂ, ಅಲ್ಲಿಗೆ ಬರುವ ದಾರಿಯನ್ನು ಸುಧಾರಿಸಲು ನಡೆಸಿದ ಪ್ರಯತ್ನವನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಬೇರೆ ನಿಲ್ದಾಣಗಳ ಪ್ರಯಾಣಿಕರು ಇದೇ ಕೆಲಸಕ್ಕೆ ಕೈ ಹಾಕಿದರೆ ಉಪಯೋಗಕ್ಕೆ ಬರಲಿ ಎಂದು ಅಳತೆಗಳನ್ನೂ ಕೊಟ್ಟಿದ್ದೇನೆ.

ನಮ್ಮ ಕಡೆಯ ಸಣ್ಣ ನಿಲ್ದಾಣಗಳನ್ನು ಬಳಸುವವರಲ್ಲಿ ಹೆಚ್ಚಿನವರ ಮನೆ ನಿಲ್ದಾಣದಿಂದ ಒಂದರಿಂದ ನಾಲ್ಕು ಕಿಲೋಮೀಟರ್ ಒಳಗಿದೆ. ಇದು ನಡೆಯಲು ದೂರ, ಬಸ್ಸಿಗೆ ಹತ್ತಿರ. ಒಳನಾಡಿನಿಂದ ಬರುವ ಬಸ್ಸು ಹೆದ್ದಾರಿಯ ನಿಲ್ದಾಣದಲ್ಲಿ ಇಳಿಸುತ್ತದೆಯೇ ಹೊರತು ರೈಲು ನಿಲ್ದಾಣದ ಬಾಗಿಲಿಗೆ ಬರುವುದಿಲ್ಲ, ರೈಲಿನ ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ. ಕೇರಳದಲ್ಲಿ ಆಟೊದ ಕನಿಷ್ಠ ಬಾಡಿಗೆ 2022ರಿಂದ 30 ರೂಪಾಯಿಯಾಗಿದೆ, ಅದೂ ಮೊದಲ ಒಂದೂವರೆ ಕಿಲೋಮೀಟರಿಗೆ ಮಾತ್ರ. ಎರಡು ಹೊತ್ತೂ ಆಟೊ ಹಿಡಿದರೆ, ಮನೆಯಿಂದ ನಿಲ್ದಾಣಕ್ಕೆ ತಿಂಗಳಲ್ಲಿ ತಗಲುವ ಖರ್ಚು ಮಂಗಳೂರಿನ ತಿಂಗಳ ಸೀಸನ್ ಟಿಕೆಟಿನ ಬೆಲೆಯ ಹಲವು ಪಟ್ಟು ಆಗುತ್ತದೆ. ಬಟ್ಟೆಯಂಗಡಿಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಹೋಟೆಲಿನಲ್ಲಿ ದುಡಿಯುವ ಹುಡುಗ ಹುಡುಗಿಯರಿಗೆ ಇದು ಸಣ್ಣ ಹೊರೆಯಲ್ಲ. ಮೂರು ಕಿಲೋಮೀಟರ್ ದಾರಿಯನ್ನು ಸಾಮಾನ್ಯ ಸೈಕಲಿನಲ್ಲಿ ಬೆವರದೆ ಕಾಲು ಗಂಟೆಯಲ್ಲಿ ಕ್ರಮಿಸಬಹುದು. ಆದ್ದರಿಂದ ಸೈಕಲ್ ಇಲ್ಲಿ ಹವ್ಯಾಸದ ವಿಷಯವಲ್ಲ, ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಎಂಬುದರ ವಿಷಯ.

ಹಾಗಿದ್ದೂ ಮನೆಯಲ್ಲಿ ಸೈಕಲ್ ಇದ್ದವರೂ ಅದನ್ನು ನಿಲ್ದಾಣಕ್ಕೆ ತರುತ್ತಿರಲಿಲ್ಲ. ಕಾರಣ ಕೇಳಿದರೆ ಎಲ್ಲರೂ ಮೊದಲು ಹೇಳುತ್ತಿದ್ದುದು ಕಳವಿನ ಭಯವನ್ನು, ನಂತರ ಮಳೆಯನ್ನು. ನಾನು ಅವರ ಮಾತನ್ನು ಕೇಳಿಕೊಂಡೆ. ಆದರೆ ಅದಕ್ಕಿಂತ ಹೆಚ್ಚಾಗಿ, ಆಗಲೂ ಸೈಕಲಿನಲ್ಲಿ ಬರುತ್ತಿದ್ದ ಕೆಲವರು ಅದನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ನೋಡತೊಡಗಿದೆ. ನಿಲ್ದಾಣದ ಪೂರ್ವದಲ್ಲಿ, ಹೆದ್ದಾರಿಯ ಕಡೆಗೆ, ಗುತ್ತಿಗೆಗೆ ಕೊಟ್ಟ ವಾಹನ ನಿಲುಗಡೆಯ ಜಾಗವಿತ್ತು. ಅಲ್ಲಿ ಸೈಕಲಿಗೂ ಒಂದು ಮೂಲೆ ಇತ್ತು, ಆದರೆ ಅದು ಬೈಕುಗಳ ಸಾಲನ್ನೆಲ್ಲ ದಾಟಿದ ಮೇಲೆ ಸಿಗುವ ಕೊನೆಯ ಮೂಲೆ. ಆ ಮೂಲೆಯಲ್ಲಿ ಸೈಕಲುಗಳು ಇರಲೇ ಇಲ್ಲ. ಇದ್ದದ್ದೆಲ್ಲ ಬೇರೆಡೆ: ಟಿಕೆಟ್ ಕೌಂಟರಿನ ಪಕ್ಕದ ಕಿಟಕಿಯ ಸರಳಿಗೆ ಒರಗಿಸಿ ಕೆಲವು, ಪ್ಲಾಟ್‌ಫಾರ್ಮಿನ ತುದಿಯ ಬೇಲಿಗೆ ಸರಪಳಿ ಸುತ್ತಿ ಕೆಲವು, ಹಳಿಯ ಪಶ್ಚಿಮಕ್ಕೆ ಮೇಲ್ಸೇತುವೆಯ ಮೆಟ್ಟಿಲಿನ ಬುಡದಲ್ಲಿ ಇನ್ನು ಕೆಲವು. ಒಂದೂ ನೆರಳಿನಲ್ಲಿರಲಿಲ್ಲ, ಒಂದಕ್ಕೂ ಕಾವಲಿರಲಿಲ್ಲ. ಎಲ್ಲವೂ ರೈಲು ಹತ್ತುವ ಜಾಗಕ್ಕೆ ನಡಿಗೆಯಲ್ಲಿ ಒಂದು ನಿಮಿಷದೊಳಗಿನ ದೂರದಲ್ಲಿದ್ದವು.

ಇಡೀ ಕೆಲಸಕ್ಕೆ ದಾರಿ ತೋರಿಸಿದ್ದು ಈ ಸಂಗತಿ. ಬೀಗ ಹಾಕಿದ ಕ್ಷಣದಿಂದ ಪ್ಲಾಟ್‌ಫಾರ್ಮಿಗೆ ಕಾಲಿಡುವ ಕ್ಷಣದವರೆಗಿನ ಹೊತ್ತು ಎಷ್ಟು ಎಂಬುದೇ ಒಂದು ಸೈಕಲ್ ಸ್ಟ್ಯಾಂಡ್ ತುಂಬುತ್ತದೆಯೋ ಖಾಲಿ ಬೀಳುತ್ತದೆಯೋ ಎಂಬುದನ್ನು ನಿರ್ಧರಿಸುತ್ತದೆ. ಮಾಡು (ಚಾವಣಿ), ಕಾವಲು, ದೀಪ ಇವೆಲ್ಲ ಬೇಕು. ಆದರೆ ಜಾಗ ತಪ್ಪಿದರೆ ಇವುಗಳಲ್ಲಿ ಯಾವುದೂ ಅದನ್ನು ಸರಿಪಡಿಸಲಾರದು. ಮೀನು ಮಾರುಕಟ್ಟೆಯ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುವ ಒಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು: "ಮಾಷ್ಟ್ರೇ, ಸೈಕಲ್ ಇಟ್ಟು ಓಡಿದರೆ ಗಾಡಿ ಸಿಗಬೇಕು. ಮಾಡಿನ ವಿಷಯ ಆಮೇಲೆ ನೋಡುವ."

ಹಳಿಯ ಎರಡು ಬದಿಗಳ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. ಶೊರ್ನೂರು–ಮಂಗಳೂರು ಮಾರ್ಗ ಈಗ ಜೋಡಿ ಹಳಿಯದ್ದು, ಮತ್ತು ನಮ್ಮ ದೇಶದಲ್ಲಿ ಜೋಡಿ ಹಳಿಯ ಮೇಲೆ ಗಾಡಿಗಳು ಸಾಮಾನ್ಯವಾಗಿ ಎಡಬದಿಯ ಹಳಿಯಲ್ಲಿ ಚಲಿಸುತ್ತವೆ. ಉತ್ತರಕ್ಕೆ, ಅಂದರೆ ಮಂಗಳೂರಿನ ಕಡೆಗೆ ಹೋಗುವ ಗಾಡಿಗೆ ಎಡಬದಿ ಎಂದರೆ ಸಮುದ್ರದ ಬದಿ. ಹೀಗಾಗಿ ನಮ್ಮಲ್ಲಿ ಬೆಳಗಿನ ಗಾಡಿ ಪಶ್ಚಿಮದ ಪ್ಲಾಟ್‌ಫಾರ್ಮಿಗೂ ಸಂಜೆ ಮರಳುವ ಗಾಡಿ ಪೂರ್ವದ ಪ್ಲಾಟ್‌ಫಾರ್ಮಿಗೂ ಬರುತ್ತದೆ. ಅವಸರವೆಲ್ಲ ಬೆಳಗಿನದು. ಪೂರ್ವದ ಗುಡ್ಡೆಗಳಿಂದ ಇಳಿದು ಬರುವವರು ಸೈಕಲ್ ಇಟ್ಟು ಮೇಲ್ಸೇತುವೆ ಹತ್ತಿ ಇಳಿಯಬೇಕು. ಕಡಲ ಬದಿಯವರಿಗೆ ಬೆಳಿಗ್ಗೆ ಆ ಕಷ್ಟವಿಲ್ಲ, ಆದರೆ ಅವರ ಬದಿಯಲ್ಲಿ ಸೈಕಲ್ ಇಡಲು ಅಧಿಕೃತ ಜಾಗವೇ ಇರಲಿಲ್ಲ. ಪರಿಣಾಮವಾಗಿ ಕಡಲ ಬದಿಯ ಕೆಲವರು ಪೂರ್ವದ ನಿಲುಗಡೆಗೆಂದು ಸೈಕಲನ್ನು ಹೆಗಲ ಮೇಲೆತ್ತಿಕೊಂಡು ಹಳಿ ದಾಟುತ್ತಿದ್ದರು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಇದು ಆರು ತಿಂಗಳವರೆಗಿನ ಸೆರೆ ಅಥವಾ 1,000 ರೂಪಾಯಿವರೆಗಿನ ದಂಡ ವಿಧಿಸಬಹುದಾದ ಅಪರಾಧ. ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅಪಾಯ: ಮಾರ್ಗ ವಿದ್ಯುದೀಕರಣಗೊಂಡ ಮೇಲೆ ಗಾಡಿ ಹತ್ತಿರ ಬರುವವರೆಗೂ ಅದರ ಸದ್ದು ಮೊದಲಿನಷ್ಟು ಕೇಳಿಸುವುದಿಲ್ಲ, ಒಂದು ಗಾಡಿ ಹೋಯಿತೆಂದು ಹೆಜ್ಜೆ ಇಡುವಾಗ ಎರಡನೆಯ ಹಳಿಯಲ್ಲಿ ಇನ್ನೊಂದು ಬರುತ್ತಿರಬಹುದು, ಹೆಗಲ ಮೇಲಿನ ಸೈಕಲ್ ಆ ಬದಿಯ ನೋಟವನ್ನು ಮರೆಮಾಡುತ್ತದೆ. ಆದ್ದರಿಂದ ಒಂದೇ ದೊಡ್ಡ ಸ್ಟ್ಯಾಂಡಿನ ಬದಲು ಎರಡು ಬದಿಗೂ ಒಂದೊಂದು ಸಣ್ಣ ಸ್ಟ್ಯಾಂಡ್ ಆಗಬೇಕೆಂದು ಮೊದಲೇ ನಿಶ್ಚಯಿಸಿದೆವು.

ಸೈಕಲನ್ನು ರೈಲಿನಲ್ಲೇ ಒಯ್ಯಬಾರದೇ ಎಂದು ಕಿರಿಯರು ಕೇಳುತ್ತಾರೆ. ಕೊಚ್ಚಿ ಮೆಟ್ರೋ 2020ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ–ಸ್ಯಾನ್ ಹೊಸೆ ನಡುವಿನ ಕಾಲ್‌ಟ್ರೇನ್ ಸೇವೆಯಲ್ಲಿ 1992ರಿಂದಲೇ ಸೈಕಲಿಗೆಂದು ಬೋಗಿಯಲ್ಲಿ ಜಾಗವಿದೆ. ಅಲ್ಲಿಯೂ ಆ ಜಾಗ ತುಂಬಿ ಸೈಕಲಿನವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುವಂತಾದಾಗ, ನಿಲ್ದಾಣದಲ್ಲಿ ಸೈಕಲ್ ಇಡುವ ವ್ಯವಸ್ಥೆಯನ್ನು ಬೆಳೆಸುವ ಕಡೆಗೆ ಗಮನ ಹರಿಯಿತು. ನಮ್ಮ ಬೆಳಗಿನ ಗಾಡಿಯಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಸೈಕಲನ್ನು ಲಗೇಜಾಗಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಸಾಗಿಸುವ ಕ್ರಮ ಊರು ಬದಲಾಯಿಸುವವರಿಗೆ ಸರಿ, ದಿನವೂ ಹೋಗಿ ಬರುವವರಿಗಲ್ಲ. ಈ ಚರ್ಚೆಯನ್ನು ನಾವು ಬೇಗನೆ ಮುಗಿಸಿದೆವು.

ಅನುಮತಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂತಹ ಕೆಲಸಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ. ನಿಲ್ದಾಣದ ಆವರಣ ರೈಲ್ವೆಯದು. ನಮ್ಮ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ. ವಾಹನ ನಿಲುಗಡೆಯ ಗುತ್ತಿಗೆ ವಾಣಿಜ್ಯ ಶಾಖೆಯ ವಿಷಯ, ನೆಲದಲ್ಲಿ ಏನನ್ನಾದರೂ ನೆಟ್ಟು ನಿಲ್ಲಿಸುವುದು ಇಂಜಿನಿಯರಿಂಗ್ ಶಾಖೆಯ ವಿಷಯ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆಯುತ್ತದೆ. ಆದ್ದರಿಂದ ಎರಡು ಬೇರೆ ಬೇರೆ ಅರ್ಜಿಗಳನ್ನು ಬರೆದೆವು, ಪ್ರತಿಯೊಂದರಲ್ಲೂ ಒಂದೇ ಬೇಡಿಕೆ, ಒಂದು ಪುಟಕ್ಕೆ ಮೀರದಂತೆ, ಕೈಯಲ್ಲಿ ಬಿಡಿಸಿದ ಅಳತೆ ಸಹಿತ ನಕ್ಷೆಯೊಂದಿಗೆ. ನಕ್ಷೆ ಇದ್ದ ಅರ್ಜಿಗೆ ಸಿಗುವ ಗಮನವೇ ಬೇರೆ; ಓದುವ ಅಧಿಕಾರಿಗೆ ಸ್ಥಳ ಕಣ್ಣ ಮುಂದೆ ಬರುತ್ತದೆ.

ಹಳಿಯ ಪಕ್ಕದ ನೆಲದಲ್ಲಿ ಸಿಗ್ನಲ್ ಕೇಬಲುಗಳೂ ಆಪ್ಟಿಕಲ್ ಫೈಬರುಗಳೂ ಹುದುಗಿರುತ್ತವೆ, ಆದ್ದರಿಂದ ಯಾರಿಗೂ ಅಲ್ಲಿ ಅಗೆಯಲು ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ, ಸಿಗಬಾರದು ಕೂಡ. ಇದನ್ನು ತಿಳಿದೇ ನಾವು ಪೂರ್ವದ ಬದಿಗೆ ಅಗೆತವಿಲ್ಲದ ಸ್ಟ್ಯಾಂಡನ್ನು ಸೂಚಿಸಿದೆವು: ನೆಲದ ಮೇಲೆ ಮಲಗಿಸಿದ ಎರಡು ಕಬ್ಬಿಣದ ಚಾನೆಲುಗಳಿಗೆ, ಸೈಕಲ್ ಒರಗಿಸಿ ಬೀಗ ಹಾಕುವ ಪೈಪಿನ ಕಮಾನುಗಳನ್ನು ಜೋಡಿಸಿದ ಚೌಕಟ್ಟು. ಅದು ತನ್ನ ಭಾರದಿಂದಲೇ ನಿಲ್ಲುತ್ತದೆ, ನಾಳೆ ರೈಲ್ವೆಗೆ ಜಾಗ ಬೇಕಾದರೆ ನಾಲ್ಕು ಜನ ಎತ್ತಿ ಸರಿಸಬಹುದು. ತೆಗೆಯಬಹುದಾದ ವಸ್ತುವಿಗೆ ಒಪ್ಪಿಗೆ ಕೊಡಲು ಅಧಿಕಾರಿಗಳಿಗೆ ಧೈರ್ಯ ಬರುತ್ತದೆ ಎಂಬುದು ನನ್ನ ಅನುಭವ.

ಪಶ್ಚಿಮದಲ್ಲಿ ರೈಲ್ವೆಯ ಬೇಲಿಯ ಹೊರಗೆ, ಮೆಟ್ಟಿಲು ಇಳಿಯುವಲ್ಲಿ, ಪಂಚಾಯತು ರಸ್ತೆಯ ಅಂಚಿಗೆ ಒಂದು ಕಿರಿದಾದ ನೆಲದ ಪಟ್ಟಿಯಿತ್ತು. ಅದನ್ನು ವಾರ್ಡಿನ ಗ್ರಾಮಸಭೆಯಲ್ಲಿ ಎತ್ತಿದೆವು. ಕೇರಳದಲ್ಲಿ ಗ್ರಾಮಸಭೆ ವಾರ್ಡಿನ ಮತದಾರರದ್ದಾಗಿರುವುದರಿಂದ ಆ ಮೆಟ್ಟಿಲನ್ನು ದಿನವೂ ಬಳಸುವವರೇ ಅಲ್ಲಿ ಕುಳಿತಿರುತ್ತಾರೆ; ಬೇಡಿಕೆಯನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಟ್ಯಾಂಡಿನ ಸಾಮಗ್ರಿಗೆ ವಾಚನಾಲಯದ ಮೂಲಕ ಊರವರಿಂದ ಹಣ ಕೂಡಿಸಿದೆವು, ನೆಲ ಸಮ ಮಾಡಿ ಕಾಂಕ್ರೀಟು ಹಾಕುವ ಕೆಲಸ ಪಂಚಾಯತಿನದ್ದಾಯಿತು.

ಪೂರ್ವದ ನಿಲುಗಡೆಯ ಗುತ್ತಿಗೆದಾರರ ಜೊತೆಗಿನ ಮಾತುಕತೆಯೇ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು. ಪ್ರವೇಶದ ಪಕ್ಕದ ಜಾಗವನ್ನು ಕಡಿಮೆ ಶುಲ್ಕದ ಸೈಕಲಿಗೆ ಬಿಟ್ಟುಕೊಟ್ಟರೆ ನಷ್ಟ ಎಂಬ ಅವರ ಆತಂಕ ಸಹಜವಾದದ್ದು. ಅವರ ಮುಂದೆ ಇಟ್ಟ ಲೆಕ್ಕ ಇದು: ಒಂದು ಕಾರಿಗೆ ಬೇಕಾದ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಅದರ ಉದ್ದದ ಬದಿಯಲ್ಲಿ ಮೀಟರಿಗೊಂದರಂತೆ ಐದು ಕಮಾನು ನಿಲ್ಲಿಸಿದರೆ, ಒಂದೊಂದಕ್ಕೆ ಎರಡು ಬದಿಯಿಂದ ಎರಡು ಸೈಕಲು ಬಂದು ಹತ್ತು ಸೈಕಲಿಗೆ ಜಾಗವಾಗುತ್ತದೆ. ಹತ್ತು ಸೈಕಲಿನ ತಿಂಗಳ ಪಾಸು, ದಿನಕ್ಕೊಮ್ಮೆ ಬಂದು ಸಂಜೆಯವರೆಗೆ ನಿಲ್ಲುವ ಒಂದು ಕಾರಿನ ಶುಲ್ಕಕ್ಕೆ ಹೋಲಿಸಿದರೆ ಕಡಿಮೆಯೇನಲ್ಲ, ಮೇಲಾಗಿ ಅದು ತಪ್ಪದೆ ಬರುವ ಹಣ. ಅವರು ಒಪ್ಪಿದರು. ಪಾಸಿನ ಮೊತ್ತವನ್ನು ತಿಂಗಳ ಮೊದಲಿಗೇ ಕೊಡುವುದಾಗಿ ನಾವು ಒಪ್ಪಿದೆವು, ಆ ಮಾತನ್ನು ಪ್ರಯಾಣಿಕರು ಉಳಿಸಿಕೊಂಡಿದ್ದಾರೆ.

ಇನ್ನು ಸ್ಟ್ಯಾಂಡಿನ ವಿಷಯ. ನನ್ನ ವೃತ್ತಿಯ ಕೆಲಸವಾದ್ದರಿಂದ ಇದರಲ್ಲಿ ನನಗೆ ಖಚಿತವಾದ ಅಭಿಪ್ರಾಯಗಳಿವೆ.

ಹಳೆಯ ಶಾಲೆ, ಕಚೇರಿಗಳಲ್ಲಿ ಕಾಣುವ ಸ್ಟ್ಯಾಂಡ್ ಮುಂದಿನ ಚಕ್ರವನ್ನು ಎರಡು ಸರಳುಗಳ ನಡುವೆ ತೂರಿಸುವಂತಹದು. ಅದನ್ನು ಎಲ್ಲಿಯೂ ಹಾಕಬಾರದು. ಇಡೀ ಸೈಕಲಿನ ಭಾರ ಒಂದು ಚಕ್ರದ ಅಂಚಿನ ಮೇಲೆ ಬೀಳುತ್ತದೆ. ಪಕ್ಕದವರ ಕೈ ತಾಗಿ ಸೈಕಲ್ ವಾಲಿದರೆ ರಿಮ್ ತಿರುಚುತ್ತದೆ. ಈಗಿನ ಹುಡುಗರ ಸೈಕಲುಗಳಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುತ್ತದೆ, ಆ ತೆಳು ಉಕ್ಕಿನ ತಟ್ಟೆ ಸರಳಿಗೆ ಸಿಕ್ಕಿ ಕೂದಲೆಳೆಯಷ್ಟು ಬಾಗಿದರೂ ಚಕ್ರ ಸುತ್ತುವಾಗಲೆಲ್ಲ ಉಜ್ಜತೊಡಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಬೀಗ ಹಾಕಬಹುದಾದದ್ದು ಚಕ್ರಕ್ಕೆ ಮಾತ್ರ. ಸ್ಪ್ಯಾನರಿಲ್ಲದೆ ಬಿಚ್ಚಬಹುದಾದ ಚಕ್ರ ಇರುವ ಸೈಕಲಾದರೆ ಕಳ್ಳನು ಚಕ್ರವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಒಯ್ಯಬಹುದು.

ನಾವು ಆರಿಸಿದ್ದು ತಲೆಕೆಳಗು ಮಾಡಿದ ಇಂಗ್ಲಿಷಿನ 'ಯು' ಅಕ್ಷರದ ಆಕಾರದ ಕಮಾನು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆಸರಿನಿಂದ ಇದನ್ನು ಹಲವೆಡೆ ಗುರುತಿಸುತ್ತಾರೆ. ಸೈಕಲಿನ ಚೌಕಟ್ಟು ಉದ್ದಕ್ಕೂ ಇದಕ್ಕೆ ಒರಗುತ್ತದೆ, ಚೌಕಟ್ಟನ್ನೂ ಒಂದು ಚಕ್ರವನ್ನೂ ಸೇರಿಸಿ ಬೀಗ ಹಾಕಬಹುದು. ನೆಲದಿಂದ ಎತ್ತರ 75 ಸೆಂಟಿಮೀಟರ್, ಕಾಲುಗಳ ನಡುವಿನ ಅಂತರ ಸುಮಾರು 80 ಸೆಂಟಿಮೀಟರ್. ಒಂದು ಕಮಾನಿನಿಂದ ಇನ್ನೊಂದಕ್ಕೆ ಒಂದು ಮೀಟರ್ ಬಿಡಲೇಬೇಕು. ಹಣ ಉಳಿಸಲೆಂದು 60 ಸೆಂಟಿಮೀಟರಿಗೆ ಒಂದರಂತೆ ನೆಟ್ಟರೆ, ಅಗಲ ಹ್ಯಾಂಡಲಿನ ಸೈಕಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಪ್ರತಿ ಕಮಾನಿಗೂ ಒಂದೇ ಸೈಕಲು ನಿಲ್ಲುವಂತಾಗುತ್ತದೆ; ಉಳಿತಾಯವೆಂದುಕೊಂಡದ್ದು ವ್ಯರ್ಥವಾಗುತ್ತದೆ. ಮೇಲಿನ ದಂಡವಿಲ್ಲದ ಹೆಂಗಸರ ಸೈಕಲಿಗೂ ಮಕ್ಕಳ ಸಣ್ಣ ಸೈಕಲಿಗೂ ಆಸರೆಯಾಗಲೆಂದು ಅರ್ಧ ಎತ್ತರದಲ್ಲಿ ಇನ್ನೊಂದು ಅಡ್ಡಪೈಪು ಇಡುವುದು ಒಳ್ಳೆಯದು. ಕ್ಯಾರಿಯರಿನ ಕೆಳಗೆ ಜೋಡಿ ಕಾಲಿನ ಸ್ಟ್ಯಾಂಡಿರುವ ಹಳೆಯ ಭಾರದ ಸೈಕಲುಗಳಿಗೆ ಒರಗಲು ಏನೂ ಬೇಕಿಲ್ಲ, ಅವು ತಾವೇ ನಿಲ್ಲುತ್ತವೆ. ಆದರೆ ಅವುಗಳಿಗೂ ಬೀಗದ ಸರಪಳಿ ಸುತ್ತಲು ನೆಲಕ್ಕೆ ಬಿಗಿಯಾದ ಏನಾದರೊಂದು ಬೇಕು.

ಪಶ್ಚಿಮದ ಪಟ್ಟಿಗೆ ಎರಡು ಮೀಟರ್ ಆಳವೂ ಇರಲಿಲ್ಲ, ಸೈಕಲಿನ ಉದ್ದವೇ ಸುಮಾರು ಒಂದು ಮೀಟರ್ ಎಂಬತ್ತು. ನೇರವಾಗಿ ನಿಲ್ಲಿಸಿದರೆ ಹಿಂದಿನ ಚಕ್ರ ರಸ್ತೆಗೆ ಚಾಚುತ್ತಿತ್ತು. ಅಲ್ಲಿ ಕಮಾನುಗಳನ್ನು ಬೇಲಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ನೆಟ್ಟೆವು. ಓರೆಯ ಮುಖವನ್ನು ಜನ ಸೈಕಲ್ ತಳ್ಳಿಕೊಂಡು ಬರುವ ದಿಕ್ಕಿಗೇ ಇಟ್ಟದ್ದರಿಂದ ತಿರುಗಿಸುವ ಕೆಲಸವೂ ಉಳಿಯಿತು.

ಕಡಲಿನಿಂದ ಕೂಗಳತೆಯ ದೂರದಲ್ಲಿ ಕಬ್ಬಿಣಕ್ಕೆ ದೊಡ್ಡ ಶತ್ರು ಉಪ್ಪು ಗಾಳಿ. ಸತು ಲೇಪಿಸಿದ ಜಿ.ಐ. ಪೈಪು ಸಾಮಾನ್ಯವಾಗಿ ಬಾಳುತ್ತದೆ, ಆದರೆ ವೆಲ್ಡಿಂಗಿನ ಶಾಖಕ್ಕೆ ಆ ಜಾಗದ ಸತು ಸುಟ್ಟುಹೋಗುವುದರಿಂದ ತುಕ್ಕು ಮೊದಲು ಹಿಡಿಯುವುದು ಜೋಡಣೆಯಲ್ಲೇ. ಹಾಗಾಗಿ ಪಶ್ಚಿಮದ ಕಮಾನುಗಳನ್ನು 50 ಮಿಲಿಮೀಟರಿನ ಒಂದೇ ಪೈಪನ್ನು ಬೆಂಡರಿನಲ್ಲಿ ಬಗ್ಗಿಸಿ ಮಾಡಿದೆವು. ಮೂಲೆಯನ್ನು ತೀರಾ ಚೂಪಾಗಿ ಬಗ್ಗಿಸಿದರೆ ಲೇಪ ಸಿಪ್ಪೆ ಏಳುತ್ತದೆ, 20 ಸೆಂಟಿಮೀಟರ್ ತ್ರಿಜ್ಯಕ್ಕೆ ಅಂತಹ ತೊಂದರೆ ಬರಲಿಲ್ಲ. ಅಡ್ಡಪೈಪನ್ನು ಅಲ್ಲಿ ವೆಲ್ಡ್ ಮಾಡದೆ ಕ್ಲ್ಯಾಂಪಿನಲ್ಲಿ ಬಿಗಿದೆವು. ಪೂರ್ವದ ಚೌಕಟ್ಟಿಗೆ ವೆಲ್ಡಿಂಗ್ ಅನಿವಾರ್ಯವಾಗಿತ್ತು. ಅದನ್ನು ಲೇಪವಿಲ್ಲದ ಪೈಪಿನಲ್ಲಿ ಮಾಡಿಸಿ, ಕೆಲಸವೆಲ್ಲ ಮುಗಿದ ಮೇಲೆ ಇಡೀ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಅದ್ದಿಸಿದೆವು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕರಗಿದ ಸತುವಿನ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್; ಎರಡೂ ತುದಿ ಮುಚ್ಚಿದ ಪೈಪನ್ನು ಅದರಲ್ಲಿ ಅದ್ದಿದರೆ ಒಳಗಿನ ಗಾಳಿ, ತೇವ ಹಿಗ್ಗಿ ಪೈಪು ಸಿಡಿಯುತ್ತದೆ. ಪ್ರತಿ ಟೊಳ್ಳು ಭಾಗಕ್ಕೂ ಗಾಳಿ ಹೋಗುವ ರಂಧ್ರ ಕೊರೆದಿರಬೇಕು, ಅದನ್ನು ಕೆಲಸದವರಿಗೆ ಬಾಯಲ್ಲಿ ಹೇಳಿದರೆ ಸಾಲದು, ನಕ್ಷೆಯಲ್ಲೇ ಗುರುತಿಸಬೇಕು. ಸತು ಲೇಪಿಸಿದ ಪೈಪನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಜ್ವರ ತರಿಸುವಂತಹದು ಎಂಬುದನ್ನೂ ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ನೆಲಕ್ಕೆ ನೆಟ್ಟ ಪೈಪು ಕೊಳೆಯುವುದು ಮಣ್ಣಿನೊಳಗಲ್ಲ, ಕಾಂಕ್ರೀಟಿನಿಂದ ಹೊರಬರುವ ಆ ಒಂದು ಅಂಚಿನಲ್ಲಿ, ಏಕೆಂದರೆ ಮಳೆನೀರು ಅಲ್ಲಿ ನಿಲ್ಲುತ್ತದೆ. ಪ್ರತಿ ಕಾಲಿನ ಬುಡದಲ್ಲಿ ಕಾಂಕ್ರೀಟನ್ನು ಸ್ವಲ್ಪ ಉಬ್ಬಾಗಿ ಎತ್ತರಿಸಿ ನೀರು ಹೊರಗೆ ಜಾರುವಂತೆ ಮಾಡಿದೆವು. ಕಾಲನ್ನು 30 ಸೆಂಟಿಮೀಟರ್ ಆಳಕ್ಕೆ ಹೂಳಿ, ಎಳೆದರೆ ಬರದಂತೆ ಒಳಗೆ ಅಡ್ಡ ಸರಳು ತೂರಿಸಿದ್ದೇವೆ.

ಮಾಡಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಮಾಡು ಬೇಕೇ ಬೇಕು, ಆದರೆ ನಮ್ಮಲ್ಲಿ ಗಾಳಿ ಮಳೆ ಕಡಲಿನಿಂದ ಅಡ್ಡಕ್ಕೆ ಬರುತ್ತದೆ. ಎತ್ತರದ ಮಾಡಿನ ಕೆಳಗೆ ಸೈಕಲಿನ ಸೀಟು ಒದ್ದೆಯಾಗುವುದು ತಪ್ಪುವುದಿಲ್ಲ. ತಲೆ ತಾಗದಷ್ಟು ಮಾತ್ರ ಎತ್ತರವಿರಿಸಿ ಪಶ್ಚಿಮಕ್ಕೆ ಇಳಿಜಾರು ಕೊಟ್ಟರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ತೆಂಗಿನ ಮರದ ಕೆಳಗೆ ಮಾತ್ರ ಸ್ಟ್ಯಾಂಡ್ ಮಾಡಬಾರದು. ನೆರಳು ಸಿಗುತ್ತದೆಂದು ಹಲವರು ಸೂಚಿಸಿದ್ದರು, ಒಣಗಿದ ಮಡಲೊಂದು ಬಿದ್ದರೂ ತಗಡು ತೂತಾಗುತ್ತದೆ, ಕಾಯಿ ಬಿದ್ದರೆ ಕೆಳಗಿರುವ ಮನುಷ್ಯನ ಗತಿಯೇನು?

ಜಾಗ, ಸ್ಟ್ಯಾಂಡ್ ಎರಡೂ ಆದ ಮೇಲೆ ಉಳಿದದ್ದು ದಾರಿ. ಇದರಲ್ಲಿ ನಮಗೆ ದೊರೆತ ಯಶಸ್ಸು ಸ್ವಲ್ಪವೇ. ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡ ಮೇಲೆ ನಮ್ಮ ಊರುಗಳು ಪೂರ್ವ, ಪಶ್ಚಿಮ ಎಂದು ಎರಡಾಗಿವೆ. ರೈಲು ಮಾರ್ಗವಿರುವುದು ಹೆದ್ದಾರಿಯ ಪಶ್ಚಿಮಕ್ಕೆ; ಪದವು, ಗುಡ್ಡೆಗಳ ಮೇಲಿನ ಮನೆಗಳಿರುವುದು ಪೂರ್ವಕ್ಕೆ. ಮೊದಲು ಎಲ್ಲೆಂದರಲ್ಲಿ ದಾಟುತ್ತಿದ್ದವರು ಈಗ ಸರ್ವಿಸ್ ರಸ್ತೆಯಲ್ಲಿ ಅಂಡರ್‌ಪಾಸಿನವರೆಗೆ ಹೋಗಿ, ದಾಟಿ, ಆಚೆ ಬದಿಯ ಸರ್ವಿಸ್ ರಸ್ತೆಯಲ್ಲಿ ಅಷ್ಟೇ ದೂರ ಹಿಂದೆ ಬರಬೇಕು. ವೇಗದ ವಾಹನಗಳ ನಡುವೆ ದಾಟುವ ಅಪಾಯ ತಪ್ಪಿತೆಂಬುದು ನಿಜ, ಆದರೆ ಮೋಟಾರಿನವನಿಗೆ ಲೆಕ್ಕಕ್ಕೆ ಬಾರದ ಆ ಸುತ್ತು, ಪೆಡಲ್ ತುಳಿಯುವವನಿಗೆ ಒಂದು ಗಾಡಿ ತಪ್ಪಿಸುವಷ್ಟು ದೊಡ್ಡದು.

ನಾವು ಮಾಡಿದ್ದು ಇಷ್ಟು. ಬೆಳಗಿನ ಗಾಡಿಯ ಹೊತ್ತಿಗೇ, ಬಿಸಿಲಿನಲ್ಲೊಮ್ಮೆ ಮಳೆಯಲ್ಲೊಮ್ಮೆ, ಗುಡ್ಡೆಯ ಮೇಲಿನಿಂದ ನಿಲ್ದಾಣದವರೆಗಿನ ದಾರಿಯನ್ನು ಸೈಕಲಿನಲ್ಲೇ ಕ್ರಮಿಸಿ ತೊಡಕುಗಳನ್ನು ಗುರುತು ಹಾಕಿಕೊಂಡೆವು. ಕಾರಿನಲ್ಲಿ ಕುಳಿತು ನೋಡಿದರೆ ಕಾಣದ ಸಂಗತಿಗಳು ಆಗ ಕಂಡವು: ಚರಂಡಿಯ ಮೇಲಿನ ಎರಡು ಚಪ್ಪಡಿಗಳ ನಡುವೆ ಸೈಕಲಿನ ಚಕ್ರ ಸರಿಯಾಗಿ ಇಳಿಯುವಷ್ಟು ಬಿರುಕು, ರಸ್ತೆಯ ಉದ್ದಕ್ಕೆ ಸಮಾನಾಂತರವಾಗಿ ಸರಳು ಹಾಕಿದ ಚರಂಡಿಯ ಜಾಲರಿ, ಅಂಡರ್‌ಪಾಸಿನ ಬಾಯಲ್ಲಿ ಮೊಣಕಾಲೆತ್ತರ ನಿಲ್ಲುವ ಕೆಂಪು ನೀರು, ಇಳಿಜಾರು ಮುಗಿಯುವ ತಿರುವಿನಲ್ಲೇ ಹರಡಿಕೊಂಡ ಜಲ್ಲಿ. ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ಬರುವವರಿಗೆ ಜಲ್ಲಿಯಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ಪಂಚಾಯತಿನ ರಸ್ತೆಯ ಪಾಲಿಗೆ ಬಂದ ಚಪ್ಪಡಿ, ಜಾಲರಿಗಳನ್ನು ವಾರ್ಡಿನ ಸದಸ್ಯೆ ಮುತುವರ್ಜಿ ವಹಿಸಿ ಸರಿ ಮಾಡಿಸಿದರು. ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಸಾಕಾಗಿತ್ತು, ಅದಕ್ಕೆ ಖರ್ಚೇ ಇರಲಿಲ್ಲ. ಹೆದ್ದಾರಿಯ ಭಾಗಕ್ಕೆ ಅರ್ಜಿ ಕೊಟ್ಟಿದ್ದೇವೆ. ನೀರು ಈಗಲೂ ನಿಲ್ಲುತ್ತದೆ.

ಸಂಜೆಯ ದಾರಿ ಏರು. ಕೆಂಪುಕಲ್ಲಿನ ಆ ಏರಿನಲ್ಲಿ ಗೇರ್ ಇಲ್ಲದ ಸೈಕಲನ್ನು ಯಾರೂ ತುಳಿಯುವುದಿಲ್ಲ, ಇಳಿದು ತಳ್ಳುತ್ತಾರೆ. ತಳ್ಳಿಕೊಂಡು ನಡೆಯುವವರಿಗೆ ಬೇಕಾದದ್ದು ರಸ್ತೆಯಂಚಿನ ಸಮತಟ್ಟಾದ ಒಂದು ಮೀಟರ್ ನೆಲ ಮತ್ತು ಬೆಳಕು. ರಾತ್ರಿಯ ಗಾಡಿಯಲ್ಲಿ ಬರುವ ಹೆಣ್ಣುಮಕ್ಕಳು ಸೈಕಲ್ ತರುವುದೋ ಬಿಡುವುದೋ ಎಂದು ತೀರ್ಮಾನಿಸುವುದು ಬೀದಿದೀಪವನ್ನು ನೋಡಿಯೇ. ಸ್ಟ್ಯಾಂಡಿನ ಬಳಿ ಒಂದು ದೀಪ, ಏರಿನ ತಿರುವುಗಳಲ್ಲಿ ದೀಪಗಳು ಬಂದ ಮೇಲೆ ಅವರ ಸೈಕಲುಗಳು ಕಾಣಿಸತೊಡಗಿದವು. ದೀಪವನ್ನು ಕಮಾನುಗಳ ಸಾಲಿನ ಹಿಂದೆ ಹಾಕದೆ ಎದುರಿಗೆ ಹಾಕಬೇಕು, ಹಾಗಾದರೆ ಮಾತ್ರ ಬೀಗದ ತೂತು ಕಾಣುತ್ತದೆ.

ಕಾವಲಿಗೆ ಪಶ್ಚಿಮದಲ್ಲಿ ಸಂಬಳದ ಜನವಿಲ್ಲ. ಮೆಟ್ಟಿಲಿನ ಎದುರು ಬೆಳಗಿನ ಮೊದಲ ಗಾಡಿಗೆ ತೆರೆದು ರಾತ್ರಿ ಕೊನೆಯ ಗಾಡಿಯ ನಂತರ ಮುಚ್ಚುವ ಒಂದು ಚಹಾದ ಗೂಡಂಗಡಿ ಇದೆ. ಸ್ಟ್ಯಾಂಡನ್ನು ಅದರ ಕಣ್ಣೆದುರಿಗೇ ಬರುವಂತೆ ನೆಟ್ಟದ್ದು ಆಲೋಚಿಸಿಯೇ. ಅಂಗಡಿಯ ಅಕ್ಕನಿಗೆ ಯಾವ ಸೈಕಲ್ ಯಾರದೆಂದು ಗೊತ್ತು. ಗಾಳಿ ಹಾಕುವ ಪಂಪು, ಪಂಕ್ಚರಿನ ಸಾಮಾನು ಅವರ ಬಳಿ ಇಟ್ಟಿದ್ದೇವೆ, ಅದರ ನೆವದಲ್ಲಿ ಚಹಾ ವ್ಯಾಪಾರವೂ ಸ್ವಲ್ಪ ಹೆಚ್ಚಿದೆ ಎಂದು ಅವರು ಹೇಳುತ್ತಾರೆ. ಬಿಟ್ಟುಹೋದ ಸೈಕಲುಗಳದ್ದು ಮಾತ್ರ ಪ್ರತ್ಯೇಕ ಸಮಸ್ಯೆ. ಕೆಲಸ ಬಿಟ್ಟವರು, ಗಲ್ಫಿಗೆ ಹೋದವರು ಬಿಟ್ಟ ಸೈಕಲು ಟಯರು ಇಳಿದು ಜಾಗ ಹಿಡಿದುಕೊಂಡು ನಿಲ್ಲುತ್ತದೆ, ಅಂತಹ ನಾಲ್ಕಾರು ಇದ್ದರೆ ಹೊಸಬರಿಗೆ ಸ್ಟ್ಯಾಂಡ್ ತುಂಬಿದಂತೆ ಕಾಣುತ್ತದೆ. ಚಲಿಸದೆ ನಿಂತ ಸೈಕಲಿಗೆ ಕನ್ನಡ, ಮಲಯಾಳ ಎರಡರಲ್ಲೂ ಬರೆದ ಚೀಟಿ ಕಟ್ಟಿ ದಿನಾಂಕ ಹಾಕುತ್ತೇವೆ. ಒಂದು ತಿಂಗಳಲ್ಲಿ ಯಾರೂ ಚೀಟಿ ತೆಗೆಯದಿದ್ದರೆ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಸೂಚನೆಯಂತೆ ಅಲ್ಲಿಂದ ತೆಗೆಯುತ್ತೇವೆ. ಬೀಗ ಒಡೆಯುವ ಮೊದಲು ಈ ಕ್ರಮವನ್ನು ತಪ್ಪದೆ ಪಾಲಿಸಬೇಕು, ಸೈಕಲು ಯಾರದೋ ಸೊತ್ತು.

ದೊಡ್ಡ ನಿಲ್ದಾಣಗಳವರಿಗೆ ಒಂದು ಮಾತು. ಅಮೃತ ಭಾರತ ನಿಲ್ದಾಣ ಯೋಜನೆಯಡಿ 2023ರ ಆಗಸ್ಟ್ 6ರಂದು ಶಂಕುಸ್ಥಾಪನೆಯಾದ 508 ನಿಲ್ದಾಣಗಳಲ್ಲಿ ಕಾಸರಗೋಡು, ಪಯ್ಯನ್ನೂರುಗಳೂ ಸೇರಿವೆ. ಇಂತಹ ಕಡೆ ವಾಹನ ನಿಲುಗಡೆಗೆ ಹೊಸ ಜಾಗ ರೂಪುಗೊಳ್ಳುವಾಗ, ಪ್ರವೇಶದ ಪಕ್ಕದ ಮೊದಲ ಸಾಲು ಸೈಕಲಿಗಿರಲಿ ಎಂದು ನಕ್ಷೆ ಮೇಜಿನ ಮೇಲಿರುವಾಗಲೇ ಕೇಳಬೇಕು. ಕಾಂಕ್ರೀಟು ಬಿದ್ದ ಮೇಲೆ ಸಿಗುವುದು ಯಾರಿಗೂ ಬೇಡವಾದ ಮೂಲೆ. ನೆದರ್‌ಲ್ಯಾಂಡಿನ ಉಟ್ರೆಕ್ಟ್ ನಿಲ್ದಾಣದಡಿ 12,500 ಸೈಕಲುಗಳಿಗೆ ಜಾಗ ಮಾಡಿದ್ದಾರೆ. ನಮಗೆ ಆ ಗಾತ್ರ ಬೇಡ, ಆದರೆ ಅಲ್ಲಿ ಸೈಕಲನ್ನು ಪ್ಲಾಟ್‌ಫಾರ್ಮುಗಳಿಗೆ ಅಷ್ಟು ಹತ್ತಿರ ತಂದಿರುವುದು ನಾವು ಕಲಿಯಬೇಕಾದ ಸಂಗತಿ.

ಸದ್ಯ ಎರಡು ಕೆಲಸಗಳು ಬಾಕಿಯಿವೆ. ಮೇಲ್ಸೇತುವೆಯ ಮೆಟ್ಟಿಲಿನ ಅಂಚಿನಲ್ಲಿ ಸೈಕಲ್ ತಳ್ಳಲು ಒಂದು ಉಕ್ಕಿನ ಕಾಲುವೆ ಬೇಕೆಂದು ಕೇಳಿದ್ದೇವೆ. ಒಂದು ಬದಿಯಿಂದ ಇನ್ನೊಂದಕ್ಕೆ ಸೈಕಲ್ ಸಮೇತ ಹೋಗಲೇಬೇಕಾದವರಿಗೆ, ಮುಖ್ಯವಾಗಿ ಪೂರ್ವದ ಶಾಲೆಗೆ ಹೋಗುವ ಕಡಲ ಬದಿಯ ಮಕ್ಕಳಿಗೆ, ಹಳಿ ದಾಟದೆ ಬೇರೆ ದಾರಿಯಿಲ್ಲದಂತಾಗಿದೆ. ಕಾಲುವೆಯನ್ನು ಮೆಟ್ಟಿಲಿನ ಬದಿಗೋಡೆಗೆ ತೀರಾ ಅಂಟಿಸಿದರೆ ಪೆಡಲೂ ಹ್ಯಾಂಡಲೂ ಗೋಡೆಗೆ ಬಡಿಯುತ್ತವೆ, ಆದ್ದರಿಂದ ಸ್ವಲ್ಪ ಬಿಟ್ಟು ಹಾಕುವಂತೆ ನಕ್ಷೆಯಲ್ಲಿ ತೋರಿಸಿದ್ದೇವೆ. ಮಂಗಳೂರಿನ ತುದಿಯದ್ದು ಎರಡನೆಯದು. ಸೆಂಟ್ರಲ್ ನಿಲ್ದಾಣದಿಂದ ಕೆಲಸದ ಜಾಗ ಎರಡು ಮೂರು ಕಿಲೋಮೀಟರ್ ಇರುವ ಕೆಲವರು ಹಳೆಯ ಸೈಕಲೊಂದನ್ನು ಅಲ್ಲಿ ಇಟ್ಟುಕೊಳ್ಳಲು ಸಿದ್ಧರಿದ್ದಾರೆ. ಆದರೆ ಅದು ಹಗಲಿಡೀ ಹೊರಗಿದ್ದು ರಾತ್ರಿಯಿಡೀ ಅಲ್ಲಿ ನಿಲ್ಲಬೇಕಾದ ಸೈಕಲು, ಅದಕ್ಕೆ ರಾತ್ರಿ ಕಾವಲಿರುವ ಜಾಗವೇ ಬೇಕು. ನಿಲ್ದಾಣಕ್ಕೆ ಹತ್ತಿರದ ಖಾಸಗಿ ಆವರಣವೊಂದರ ಮಾಲೀಕರ ಜೊತೆ ತಿಂಗಳ ಬಾಡಿಗೆಯ ಮಾತುಕತೆ ನಡೆದಿದೆ, ಬರುವ ಮಳೆಗಾಲಕ್ಕೆ ಮೊದಲು ಐದು ಕಮಾನುಗಳ ಒಂದು ಚೌಕಟ್ಟನ್ನು ಅಲ್ಲಿ ಇಡುವ ಯೋಚನೆಯಿದೆ.